ಹಳೇ ಜಾವಾಗೆ ಸೈಲೆನ್ಸರ್ ಪಟ್ಟಿ: ಮನೆಯಲ್ಲೇ ಮಾಡಿಕೊಳ್ಳಿ

ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರದು ಒಂದೇ ಗೋಳು. ಎಂಜಿನ್ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಆದರೆ ಗೇಣುದ್ದ ಇಲ್ಲದ ಒಂದು ಪಟ್ಟಿ ಮುರಿದು ಬೈಕು ಮೂಲೆ ಸೇರಿದೆ. ಇವನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಪಿಸ್ಟನ್, ಕೇಬಲ್, ಕ್ಲಚ್ ಪ್ಲೇಟು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೆ ಸಿಕ್ಕೀತು. ಅವಕ್ಕೆ ಇವತ್ತಿಗೂ ಗಿರಾಕಿ ಇದ್ದಾರೆ. ಬ್ರಾಕೆಟ್ಟು, ಕ್ಲಾಂಪು, ಸ್ಪೇಸರ್ ಕೇಳಿದರೆ ಮಾತ್ರ ಅಂಗಡಿಯವರು ತಲೆ ಆಡಿಸುತ್ತಾರೆ. ಸಿಕ್ಕರೂ ಒಂದು ತೂತು ಕೂತರೆ ಇನ್ನೊಂದು ಕೂರುವುದಿಲ್ಲ.

ತಪ್ಪು ಪಟ್ಟಿಯದೇ ಅಂತಲೂ ಹೇಳಲಾಗದು. ಐವತ್ತು ವರ್ಷ ಓಡಿದ ಫ್ರೇಮು ಎಷ್ಟು ಸಲ ಬಿದ್ದಿದೆಯೋ, ಎಲ್ಲೆಲ್ಲಿ ವೆಲ್ಡ್ ಕಂಡಿದೆಯೋ ಯಾರಿಗೆ ಗೊತ್ತು? ಸೈಲೆನ್ಸರ್ ಕೂಡ ಒರಿಜಿನಲ್ ಆಗಿರುವುದು ಅಪರೂಪ. ಒಂದೊಂದು ಬೈಕಿನ ಅಳತೆ ಒಂದೊಂದು ಥರ. ಹಾಗಾಗಿ ನಿಮ್ಮ ಬೈಕಿನ ಮೇಲೇ ಅಳತೆ ತೆಗೆದು ನೀವೇ ಮಾಡಿದ ಪಟ್ಟಿ ಅಂಗಡಿಯದಕ್ಕಿಂತ ಚೆನ್ನಾಗಿ ಕೂರುತ್ತದೆ. ಲೇತ್ ಬೇಡ, ವೆಲ್ಡಿಂಗ್ ಬೇಡ. ಬಾಲ್ಕನಿ ಅಥವಾ ಮನೆ ಮುಂದಿನ ಪಾರ್ಕಿಂಗ್ ಸಾಕು. ಉದಾಹರಣೆಗೆ ಇಲ್ಲಿ ಸೈಲೆನ್ಸರ್ ಹಿಡಿಯುವ ಪಟ್ಟಿಯನ್ನು ತೆಗೆದುಕೊಂಡಿದ್ದೇನೆ. ಜಾಸ್ತಿ ಮುರಿಯುವುದು ಅದೇ.

ಇವಕ್ಕೆ ಕೈ ಹಾಕಬೇಡಿ

ಮುರಿದರೆ ಸದ್ದು ಮಾಡುವ ಭಾಗವನ್ನು ಮನೆಯಲ್ಲಿ ಮಾಡಬಹುದು, ಮುರಿದರೆ ಬೀಳಿಸುವ ಭಾಗವನ್ನು ಮಾಡಬಾರದು. ಹಾರ್ನ್ ಬ್ರಾಕೆಟ್ಟು, ನಂಬರ್ ಪ್ಲೇಟಿನ ಪಟ್ಟಿ, ಬ್ಯಾಟರಿ ಕ್ಲಾಂಪು, ಸೈಲೆನ್ಸರ್ ಪಟ್ಟಿ ಧಾರಾಳವಾಗಿ ಮಾಡಿ. ಬ್ರೇಕ್ ರಾಡು, ಬ್ರೇಕ್ ಪ್ಲೇಟನ್ನು ಹಿಡಿದಿಡುವ ತೋಳು, ಆಕ್ಸಲ್, ಹ್ಯಾಂಡಲ್, ಫೋರ್ಕು ಬೇಡವೇ ಬೇಡ. ಜಾವಾದಲ್ಲಿ ಕಿಕ್ಕರ್ರೇ ಗೇರ್ ಲಿವರ್ ಕೂಡ. ಅದರ ಒಳಹಲ್ಲು, ಅದಕ್ಕೆ ಕೊಟ್ಟ ಹದ ಮನೆಯಲ್ಲಿ ಬರುವಂಥದ್ದಲ್ಲ. ಪೆಟ್ರೋಲ್ ಟ್ಯಾಂಕ್ ಖಾಲಿ ಇದೆ ಅಂತ ಹತ್ತಿರ ಬೆಂಕಿ ತರಬೇಡಿ. ಟ್ಯಾಂಕ್ ಸಿಡಿಯುವುದು ಒಳಗೆ ಉಳಿದ ಆವಿಯಿಂದ.

ಕಬ್ಬಿಣ ಎಲ್ಲಿ, ಎಂಥದ್ದು

ಬೇಕಾದದ್ದು ಸಾದಾ ಎಂ.ಎಸ್. ಫ್ಲ್ಯಾಟು, ಅಂದರೆ ಮೈಲ್ಡ್ ಸ್ಟೀಲಿನ ಚಪ್ಪಟೆ ಪಟ್ಟಿ. ಅಗಲ 25 ಮಿ.ಮೀ., ದಪ್ಪ 3 ಮಿ.ಮೀ. ದೊಡ್ಡ ಅಂಗಡಿಯಲ್ಲಿ ಪೂರ್ತಿ ಉದ್ದವೇ ತಗೊಳ್ಳಿ ಅನ್ನುತ್ತಾರೆ. ಒಂದು ಮೀಟರಿಗೆ ಅರ್ಧ ಕಿಲೋ ಮೇಲೆ ಚೂರು ತೂಗುತ್ತದೆ, ನಮಗೆ ಬೇಕಾದದ್ದು ಅದರ ಕಾಲು ಭಾಗವೂ ಅಲ್ಲ. ಬೆಂಗಳೂರಿನ ಯಾವ ಬಡಾವಣೆಯಲ್ಲೂ ಗೇಟು, ಗ್ರಿಲ್ ಮಾಡುವ ಅಂಗಡಿ ಇದ್ದೇ ಇರುತ್ತದೆ. "ಅಣ್ಣಾ, 25ರ ಫ್ಲ್ಯಾಟಲ್ಲಿ ಒಂದಡಿ ತುಂಡು ಇದ್ಯಾ?" ಅಂತ ಕೇಳಿ. ತುಂಡುಗಳ ರಾಶಿ ತೋರಿಸಿ "ಆರಿಸ್ಕೊಳಿ" ಅನ್ನುತ್ತಾರೆ. ಬೆಳ್ಳಗೆ ಹೊಳೆಯುವ, ಸತು ಲೇಪಿಸಿದ ಜಿ.ಐ. ತುಂಡು ಬೇಡ. ಅದನ್ನು ಕಾಯಿಸಿದರೆ ಸತುವಿನ ಹೊಗೆ ಬರುತ್ತದೆ, ಉಸಿರಿಗೆ ಹೋದರೆ ಜ್ವರ ಹಿಡಿಸುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಹಾಕೋಣ, ತುಕ್ಕೇ ಹಿಡಿಯಲ್ಲ ಅಲ್ವಾ ಅಂತ ಅನಿಸುತ್ತದೆ. ಆದರೆ ಡ್ರಿಲ್‌ನ ಬಿಟ್ಟು (ಕೊರೆಯುವ ಕಡ್ಡಿ) ಒಂದು ಕ್ಷಣ ಕೊರೆಯದೆ ಸುಮ್ನೆ ಉಜ್ಜಿದರೂ ಸ್ಟೇನ್‌ಲೆಸ್ ಆ ಜಾಗದಲ್ಲಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಬಿಟ್ಟು ಸುಟ್ಟುಹೋಗುತ್ತದೆಯೇ ಹೊರತು ತೂತು ಬೀಳುವುದಿಲ್ಲ. ಅಲ್ಯೂಮಿನಿಯಂ ಕೆಲಸಕ್ಕೆ ಸುಲಭ, ಆದರೆ ಸಣ್ಣ ಅದುರನ್ನೂ ಅದು ಲೆಕ್ಕ ಇಟ್ಟುಕೊಳ್ಳುತ್ತದೆ, ಒಂದು ದಿನ ಸೀಳುತ್ತದೆ. ಉಕ್ಕಿನ ಗುಣ ಬೇರೆ. ಒಂದು ಮಿತಿಯೊಳಗಿನ ಅದುರನ್ನು ಎಷ್ಟು ಕಾಲವಾದರೂ ತಡೆಯುತ್ತದೆ. ಜಾವಾದಂಥ ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 3,000 ಸುತ್ತು ಅಂದರೆ ಸೆಕೆಂಡಿಗೆ 50 ಏಟು. ಪಟ್ಟಿ ತಿನ್ನುವುದು ಅಷ್ಟನ್ನೂ.

ಉಪಕರಣ ಹೆಚ್ಚೇನಿಲ್ಲ. ನಾಲ್ಕಿಂಚಿನ ಬೆಂಚ್ ವೈಸ್ (ತುಂಡು ಬಿಗಿಹಿಡಿಯುವ ದವಡೆ), ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಗರಗಸ), ಚಪ್ಪಟೆ ಅರ ಒಂದು, ಗುಂಡು ಅರ ಒಂದು, ಸೆಂಟರ್ ಪಂಚ್ (ತೂತಿನ ಜಾಗಕ್ಕೆ ಗುಳಿ ಹೊಡೆಯುವ ಉಳಿ), ಮೂಲೆಮಟ್ಟ, ಸ್ಪೀಡ್ ಕಡಿಮೆ ಮಾಡಲು ಬರುವ ಡ್ರಿಲ್. ಎಲ್ಲವೂ ಎಸ್.ಪಿ. ರಸ್ತೆಯ ಸುತ್ತಮುತ್ತ ಸಿಗುತ್ತವೆ. ವೈಸ್‌ಗೂ ಅರಕ್ಕೂ ಜಿಪುಣತನ ಬೇಡ. ಡ್ರಿಲ್ ಪಕ್ಕದ ಮನೆಯಿಂದ ಕೇಳಿ ತಂದರೂ ನಡೆಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಡ್ರಿಲ್ ಮಾಡುವಾಗ ಮಾತ್ರ ಕೈಗವಸು ಬೇಡ, ಬಿಟ್ಟಿಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಮೊದಲು ರಟ್ಟು

ಕಬ್ಬಿಣ ಕತ್ತರಿಸುವ ಮುಂಚೆ ಪಟ್ಟಿಯ ಮಾದರಿ ರಟ್ಟಿನಲ್ಲಿ. ಈ ಕೆಲಸದ ಅರ್ಧ ಭಾಗ ಇರುವುದೇ ಇಲ್ಲಿ. ಹೊಸ ಶರ್ಟಿನೊಳಗೆ ಬರುತ್ತದಲ್ಲ, ಅಂಥ ಗಟ್ಟಿ ರಟ್ಟು ತಗೊಳ್ಳಿ. ಮುರಿದ ಪಟ್ಟಿಯ ಅಚ್ಚು ತೆಗೆಯಬೇಡಿ. ಅದು ಮುರಿಯುವ ಮುಂಚೆ ಎಷ್ಟು ಬಗ್ಗಿತ್ತೋ ಗೊತ್ತಿಲ್ಲ. ಬೈಕನ್ನು ಮೈನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸಿಲಿಂಡರಿಗೆ ಪೈಪು ಹಿಡಿಯುವ ದೊಡ್ಡ ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿ. ಸೈಲೆನ್ಸರಿನ ಹಿಂಭಾಗಕ್ಕೆ ಮರದ ತುಂಡು, ಹಳೇ ಪುಸ್ತಕ ಏನಾದರೂ ಒತ್ತುಕೊಟ್ಟು, ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಬಂದು ನೋಡಿ. ಎರಡೂ ಕಡೆಯ ಸೈಲೆನ್ಸರ್ ಒಂದೇ ಎತ್ತರದಲ್ಲಿವೆಯೇ? ಚಕ್ರಕ್ಕೆ ತಾಗುತ್ತಿಲ್ಲ ತಾನೇ? ಒಪ್ಪಿಗೆಯಾದ ಮೇಲೇ ರಟ್ಟು ಹಿಡಿಯಿರಿ.

ಪಟ್ಟಿಯಷ್ಟೇ ಅಗಲ ಕತ್ತರಿಸಿದ ರಟ್ಟನ್ನು ಫ್ರೇಮಿನ ತೂತಿಗೆ ಬೋಲ್ಟಿನಿಂದ ಸಿಕ್ಕಿಸಿ, ಸೈಲೆನ್ಸರಿನ ಕಡೆಗೆ ಬಗ್ಗಿಸುತ್ತಾ ಹೋಗಿ. ಸಾಮಾನ್ಯವಾಗಿ ಎರಡೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಎರಡು ಕಡೆ ಮಡಿಸಬೇಕಾಗುತ್ತದೆ. ಮಡಿಕೆ ಬಂದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ರಟ್ಟು ಕೂತ ಮೇಲೂ ಒಮ್ಮೆ ಸ್ಪ್ಯಾನರ್ ತಿರುಗಿಸಿ ನೋಡಿ. ಎಷ್ಟೋ ಪಟ್ಟಿಗಳು ಚೆಂದ ಕೂರುತ್ತವೆ, ಆದರೆ ಬೋಲ್ಟಿಗೆ ಸ್ಪ್ಯಾನರ್ ಹೋಗಲು ಜಾಗವೇ ಇರುವುದಿಲ್ಲ!

ರಟ್ಟಿಗೆ ದಪ್ಪ ಇಲ್ಲ, ಕಬ್ಬಿಣಕ್ಕಿದೆ. 3 ಮಿ.ಮೀ. ಪಟ್ಟಿಯನ್ನು ಮೂಲೆಮಟ್ಟಕ್ಕೆ ಬಗ್ಗಿಸಿದರೆ ಹೊರಗಿನ ಅಳತೆಗಳ ಮೊತ್ತಕ್ಕಿಂತ ಸುಮಾರು 5 ಮಿ.ಮೀ. ಕಡಿಮೆ ಉದ್ದ ಸಾಕಾಗುತ್ತದೆ. 40 ಮತ್ತು 30ರ ಕೋನ ಬೇಕಿದ್ದರೆ 70 ಅಲ್ಲ, 65. ಈ ಲೆಕ್ಕ ಗೊತ್ತಿರಲಿ, ಆದರೆ ಅದನ್ನೇ ನಂಬಿ ಎರಡೂ ತೂತು ಮೊದಲೇ ಕೊರೆಯಬೇಡಿ. ಒಂದು ತೂತು ಕೊರೆದು, ಬಗ್ಗಿಸಿ, ಬೈಕಿಗೆ ಸಿಕ್ಕಿಸಿ, ಎರಡನೆಯದರ ಗುರುತು ಅಲ್ಲೇ ಹಾಕಿ.

ಕತ್ತರಿಸಿ, ಕೊರೆದು

ರಟ್ಟಿನ ಉದ್ದಕ್ಕಿಂತ 10 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಹ್ಯಾಕ್ಸಾ ಬ್ಲೇಡು ಇಂಚಿಗೆ 24 ಹಲ್ಲಿನದು ಸರಿ. ಲೋಹದ ದಪ್ಪದಲ್ಲಿ ಯಾವಾಗಲೂ ಸುಮಾರು ಮೂರು ಹಲ್ಲು ಕೂತಿರಬೇಕು, ಇಲ್ಲದಿದ್ದರೆ ಹಲ್ಲು ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಹಲ್ಲಿನ ಮೊನೆ ಮುಂದಕ್ಕಿರಲಿ. ತಳ್ಳುವಾಗ ಒತ್ತಿ, ಎಳೆಯುವಾಗ ಹಗುರ.

ತೂತಿನ ಜಾಗಕ್ಕೆ ಪಂಚ್ ಹೊಡೆದು, ಮೊದಲು 3 ಮಿ.ಮೀ. ಬಿಟ್ಟಿನಿಂದ ಕೊರೆಯಿರಿ, ಆಮೇಲೆ 8.5ರದ್ದರಿಂದ. ಎಂ8 (8 ಮಿ.ಮೀ.) ಬೋಲ್ಟು ಅದರಲ್ಲಿ ಸಲೀಸಾಗಿ ಹೋಗುತ್ತದೆ. ಪಟ್ಟಿಯನ್ನು ಮರದ ಮೇಲಿಟ್ಟು ಕ್ಲಾಂಪ್ ಮಾಡಿಯೇ ಕೊರೆಯಿರಿ. ಬಿಟ್ಟು ಆಚೆ ಬದಿಗೆ ತೂರುವ ಹೊತ್ತಿಗೆ ಕಚ್ಚಿಕೊಂಡರೆ ಕೈಯಲ್ಲಿ ಹಿಡಿದ ಪಟ್ಟಿ ಫ್ಯಾನಿನ ರೆಕ್ಕೆಯ ಹಾಗೆ ತಿರುಗುತ್ತದೆ. ದೊಡ್ಡ ಬಿಟ್ಟಿಗೆ ನಿಮಿಷಕ್ಕೆ 900 ಸುತ್ತು ಸಾಕು. ಪೂರ್ತಿ ಸ್ಪೀಡಿನಲ್ಲಿ ಬಿಟ್ಟರೆ ಬಿಟ್ಟಿನ ಮೊನೆ ನೀಲಿಯಾಗುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಎರಡು ಹನಿ ಬಿಡಿ. ಜಾವಾ ಇರುವ ಮನೆಯಲ್ಲಿ ಅದಕ್ಕೇನು ಬರ! ಸುರುಳಿ ಸುರುಳಿಯಾಗಿ ಚೂರು ಬರುತ್ತಿದ್ದರೆ ಸ್ಪೀಡು, ಒತ್ತಡ ಎರಡೂ ಸರಿ ಇದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಈ ಕೆಲಸವನ್ನು ಭಾನುವಾರ ಮಧ್ಯಾಹ್ನ ಮಾತ್ರ ಇಟ್ಟುಕೊಳ್ಳಬೇಡಿ. ಊಟ ಮಾಡಿ ಮಲಗಿದ ಕೆಳಮನೆಯ ಅಜ್ಜಿ ಮೇಲೆ ಬಂದೇ ಬರುತ್ತಾರೆ.

ಬಗ್ಗಿಸುವ ಮುಂಚೆ ಅಂಚು

ಬಿರುಕು ಹುಟ್ಟುವುದು ಅಂಚಿನ ಕಚ್ಚಿನಲ್ಲಿ. ಹ್ಯಾಕ್ಸಾ ಬಿಟ್ಟ ಅಡ್ಡಗೀರು, ತೂತಿನ ಬಾಯಲ್ಲಿ ಉಳಿದ ಚೂಪು, ಎಲ್ಲವೂ ಅದಕ್ಕೆ ದಾರಿ. ಹಾಗಾಗಿ ಬಗ್ಗಿಸುವ ಮೊದಲೇ ನಾಲ್ಕೂ ಅಂಚು ಉಜ್ಜಿ, ಮೂಲೆಗಳನ್ನು ದುಂಡಗೆ ಮಾಡಿ. ಕೊನೆಯಲ್ಲಿ ಅರವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಪಟ್ಟಿಯ ಉದ್ದಕ್ಕೆ ಎಳೆಯಿರಿ. ಗೀರುಗಳು ಉದ್ದಕ್ಕೆ ಮಲಗುತ್ತವೆ, ಅಡ್ಡಗೀರು ಉಳಿಯುವುದಿಲ್ಲ. ಬೆರಳ ತುದಿ ಸವರಿದರೆ ಎಲ್ಲೂ ತಡೆಯಬಾರದು. ಬಗ್ಗಿಸುವ ಗೆರೆಯನ್ನೂ ಮೊಳೆಯಿಂದ ಕೆರೆಯಬೇಡಿ, ಪೆನ್ಸಿಲ್ ಅಥವಾ ಮಾರ್ಕರ್ ಬಳಸಿ. ಕೆರೆದ ಗೆರೆ ಬಗ್ಗಿದ ಹೊರಮೈಗೆ ಬಂದರೆ ಅಲ್ಲೇ ಸೀಳುತ್ತದೆ.

ವೈಸ್‌ನ ದವಡೆಗೆ ಗರಗಸದಂಥ ಹಲ್ಲಿರುತ್ತದೆ. ಅದಕ್ಕೂ ಪಟ್ಟಿಗೂ ನಡುವೆ ಎರಡು ಅಲ್ಯೂಮಿನಿಯಂ ಆಂಗಲ್ ತುಂಡು ಇಡಿ, ಕಚ್ಚಿದ ಗುರುತು ಬೀಳುವುದಿಲ್ಲ. ಗೆರೆ ದವಡೆಯ ಅಂಚಿಗೆ ಸಮವಾಗಿರಲಿ. ಸುತ್ತಿಗೆಯಿಂದ ಪಟ್ಟಿಯ ತುದಿಗೆ ಬಡಿಯುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಿದರೆ ಮಧ್ಯದಲ್ಲಿ ಬಿಲ್ಲಿನಂತೆ ಬಾಗುತ್ತದೆ. ತುದಿಯನ್ನು ಕೈಯಿಂದ ಒತ್ತಿಹಿಡಿದು, ಮರದ ತುಂಡನ್ನು ಗೆರೆಯ ಹತ್ತಿರ ಒಡ್ಡಿ, ಅದರ ಮೇಲೆ ಬಡಿಯಿರಿ. 3 ಮಿ.ಮೀ. ತಣ್ಣಗೇ ಬಗ್ಗುತ್ತದೆ, ಬೆಂಕಿ ಬೇಕಿಲ್ಲ. ಬಿಟ್ಟ ತಕ್ಷಣ ಚೂರು ವಾಪಸ್ ಬರುತ್ತದೆ, ಅದಕ್ಕೆ ಎರಡು ಮೂರು ಡಿಗ್ರಿ ಜಾಸ್ತಿಯೇ ಬಗ್ಗಿಸಿ. ಜಾಸ್ತಿ ಆಯ್ತು ಅಂತ ಅದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಕೂತರೆ ಪಟ್ಟಿ ಅಲ್ಲೇ ದಣಿದುಹೋಗುತ್ತದೆ. ಒಂದು ಸಲ ತಿದ್ದಿ ಸರಿಹೋಗದಿದ್ದರೆ ಹೊಸ ತುಂಡು ತಗೊಳ್ಳಿ.

ಈಗ ಬೈಕಿಗೆ ಸಿಕ್ಕಿಸಿ ಎರಡನೇ ತೂತಿನ ಗುರುತು ಹಾಕಿ. ಇದು ಗುಂಡು ತೂತಲ್ಲ, ಉದ್ದ ತೂತು. ಎಂಜಿನ್ ಕಾದಾಗ ಪೈಪು ಹಿಗ್ಗುತ್ತದೆ, ಕೂರಿಸುವಾಗಲೂ ಸ್ವಲ್ಪ ಹಿಂದೆಮುಂದೆ ಸರಿಸಲು ಜಾಗ ಬೇಕು. ಗುರುತಿನ ಎರಡೂ ಪಕ್ಕ ಐದೈದು ಮಿ.ಮೀ. ದೂರದಲ್ಲಿ ಪಂಚ್ ಹೊಡೆದು ಎರಡು 8.5ರ ತೂತು ಕೊರೆಯಿರಿ. ನಡುವೆ ಉಳಿದ ತೆಳು ಗೋಡೆಯನ್ನು ಗುಂಡು ಅರದಿಂದ ತೆಗೆದು, ಬದಿಗಳನ್ನು ನೇರ ಮಾಡಿ. ತೂತುಗಳನ್ನು ಒಂದರ ಮೇಲೊಂದು ಬರುವಂತೆ ಕೊರೆಯಲು ಹೋದರೆ ಬಿಟ್ಟು ಜಾರಿ ಮೊದಲಿನ ತೂತಿಗೇ ಬೀಳುತ್ತದೆ. ಹೆಚ್ಚು ಬಿಟ್ಟಿದ್ದ ಉದ್ದವನ್ನು ಈಗ ತೆಗೆದು ತುದಿಯನ್ನು ದುಂಡಗೆ ಉಜ್ಜಿ.

ಬಣ್ಣ, ಕೂರಿಸುವುದು

ತಿನ್ನರ್‌ನಲ್ಲಿ ಎಣ್ಣೆ ಒರೆಸಿ, ರೆಡ್ ಆಕ್ಸೈಡ್ ಒಂದು ಕೋಟು, ಕಪ್ಪು ಎನಾಮೆಲ್ ಎರಡು ಕೋಟು. ಶಾಖ ಜಾಸ್ತಿ ತಾಗುವ ಕಡೆಯಾದರೆ ಹೀಟ್ ಪೇಂಟ್.

ಕೂರಿಸುವಾಗ ಒಂದೇ ಪರೀಕ್ಷೆ: ಬೋಲ್ಟು ಬೆರಳಲ್ಲೇ ಒಳಗೆ ಹೋಗಬೇಕು. ಸೈಲೆನ್ಸರನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೂತು ಕೂಡಿಸಿದರೆ ಪಟ್ಟಿ ಹುಟ್ಟುವಾಗಲೇ ಬಿಗಿದುಕೊಂಡಿರುತ್ತದೆ, ಆಯಸ್ಸು ಕಡಿಮೆ. ಬೋಲ್ಟು ಹೋಗದಿದ್ದರೆ ಉದ್ದ ತೂತನ್ನು ಇನ್ನಷ್ಟು ಉಜ್ಜಿ. ದಪ್ಪ ವಾಷರ್ ಹಾಕಿ, ಸ್ಪ್ರಿಂಗ್ ವಾಷರ್ ಹಾಕಿ. ನೈಲಾಕ್ ನಟ್ಟು ಇಲ್ಲಿ ಬೇಡ, ಅದರೊಳಗಿನ ನೈಲಾನ್ ಶಾಖಕ್ಕೆ ಮೆತ್ತಗಾಗುತ್ತದೆ. ಮೊದಲು ಸಿಲಿಂಡರ್ ಕಡೆಯ ನಟ್ಟು ಬಿಗಿ ಮಾಡಿ, ಆಮೇಲೆ ಪಟ್ಟಿಯ ಬೋಲ್ಟುಗಳು.

ಮುರಿದ ಹಳೇ ಪಟ್ಟಿಯನ್ನು ಗುಜರಿಗೆ ಹಾಕಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಬೈಕಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆ ದಾರಿ ಹಿಡಿಯುವವರು ಬಿಚ್ಚಿದ ಒಂದೊಂದು ಮೂಲ ಭಾಗವನ್ನೂ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ರಟ್ಟಿನ ಮೇಲೂ ಬೈಕಿನ ಹೆಸರು, ಎಡವೋ ಬಲವೋ ಬರೆದು ಇಡಿ.

50 ಕಿ.ಮೀ. ಓಡಿಸಿ ಬೋಲ್ಟು ಇನ್ನೊಮ್ಮೆ ಬಿಗಿ ಮಾಡಿ. ಕೆಲವು ತಿಂಗಳ ಮೇಲೆ ಬಿರುಕಿನ ಅನುಮಾನ ಬಂದರೆ ಪಟ್ಟಿ ಬಿಚ್ಚಿ, ಬಾಗಿದ ಜಾಗದ ಬಣ್ಣ ತೆಗೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಮೆಲ್ಲಗೆ ತಟ್ಟಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಬಿಳಿ ಪುಡಿಯ ಮೇಲೆ ಸಣ್ಣ ಒದ್ದೆ ಗೆರೆಯಾಗಿ ಏಳುತ್ತದೆ. ಗೆರೆ ಕಂಡರೆ 5 ಮಿ.ಮೀ. ದಪ್ಪದ ಪಟ್ಟಿ ಹಾಕಲು ಹೋಗಬೇಡಿ, ಅದು ಮುರಿಯದೆ, ಪಟ್ಟಿ ಸಿಕ್ಕಿಸುವ ಫ್ರೇಮಿನ ಕಿವಿಯನ್ನೇ ಮುರಿದೀತು. ಎಂಜಿನ್ನನ್ನು ಫ್ರೇಮಿಗೆ ಹಿಡಿಯುವ ಮೌಂಟಿನ ಬೋಲ್ಟುಗಳು ಸಡಿಲ ಆಗಿವೆಯೇ ಅಂತ ಮೊದಲು ನೋಡಿ.