ಎಂಟು-ನಾಲ್ಕು ಅಡಿಯ ಹಲಗೆಯ ಮೇಲೆ ಸ್ಲಾಟ್ ಕಾರ್ ಟ್ರ್ಯಾಕ್ ಕಟ್ಟುವ ಬಗೆ

ಸ್ಲಾಟ್ ಕಾರ್ ಎಂಬುದು ಹಲಗೆಯಲ್ಲಿ ಕೊರೆದ ಸೀಳನ್ನು ಹಿಡಿದು ಓಡುವ ಪುಟ್ಟ ವಿದ್ಯುತ್ ಕಾರು. ಅದರ ಮೂತಿಯ ಅಡಿಯಲ್ಲಿರುವ ಗೈಡ್ ಎಂಬ ಅಲಗು ಸೀಳಿನೊಳಗೆ ಇಳಿದಿರುತ್ತದೆ; ಗೈಡಿನ ಎರಡೂ ಬದಿಯಲ್ಲಿರುವ ತಂತಿಯ ಜಡೆಗಳು ಸೀಳಿನ ಇಕ್ಕೆಲದ ಲೋಹದ ಪಟ್ಟಿಗಳನ್ನು ಸವರುತ್ತಾ ಮೋಟಾರಿಗೆ ವಿದ್ಯುತ್ ಒದಗಿಸುತ್ತವೆ. ಕಾರು ಎತ್ತ ತಿರುಗಬೇಕೆಂಬುದನ್ನು ಸೀಳು ನಿರ್ಧರಿಸುತ್ತದೆ, ಎಷ್ಟು ವೇಗವಾಗಿ ಎಂಬುದನ್ನು ಕಂಟ್ರೋಲರ್ ಹಿಡಿದ ಆಟಗಾರನ ಬೆರಳು ನಿರ್ಧರಿಸುತ್ತದೆ. ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಮನೆಮನೆಯ ಆಟವಾಯಿತು. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸುವ ಸಿದ್ಧ ಸೆಟ್ಟುಗಳು ಈಗಲೂ ಸಿಗುತ್ತವೆಯಾದರೂ, ದಾವಣಗೆರೆಯಂಥ ಊರಿನಲ್ಲಿ ಕುಳಿತು ಅವುಗಳ ಒಂದೊಂದು ತಿರುವನ್ನೂ ಹೊರದೇಶದಿಂದ ತರಿಸುವುದಕ್ಕಿಂತ, ಕಾರು ಮತ್ತು ಕಂಟ್ರೋಲರ್‌ಗಳನ್ನು ಮಾತ್ರ ತರಿಸಿಕೊಂಡು ಟ್ರ್ಯಾಕನ್ನು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಯಲ್ಲಿ ಇಲ್ಲಿಯೇ ಕೊರೆಸುವುದು ಮೇಲು. ಹೀಗೆ ಕೊರೆದ ಟ್ರ್ಯಾಕಿನಲ್ಲಿ ಪ್ಲಾಸ್ಟಿಕ್ಕಿನ ಜೋಡುಗಳ ಕಟಕಟ ಸದ್ದಿಲ್ಲ, ಮತ್ತು ತಿರುವುಗಳು ಸೆಟ್ಟಿನ ಅಳತೆಗೆ ಕಟ್ಟುಬಿದ್ದಿರುವುದಿಲ್ಲ.

ಇಲ್ಲಿ ಹೇಳುವ ಅಳತೆಗಳೆಲ್ಲ 1:32 ಪ್ರಮಾಣದ ಕಾರುಗಳಿಗೆ, ಅಂದರೆ ಸುಮಾರು 14 ಸೆಂಟಿಮೀಟರ್ ಉದ್ದದ ಕಾರುಗಳಿಗೆ ಹೊಂದುತ್ತವೆ. ಮರದ ಅಂಗಡಿಯಲ್ಲಿ ಎಂಟು-ನಾಲ್ಕು ಎಂದೇ ಕೇಳಿ ತರುವ 2440 × 1220 ಮಿಲಿಮೀಟರ್ ಹಲಗೆ ಇಬ್ಬರ ಆಟಕ್ಕೆ, ಅಂದರೆ ಒಬ್ಬೊಬ್ಬರಿಗೆ ಒಂದರಂತೆ ಎರಡು ಸೀಳುಗಳಿಗೆ, ಸಾಕು. ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಆಚೆ ಬದಿಯಲ್ಲಿ ಉರುಳಿದ ಕಾರು ಕೈಗೆ ಸಿಗುವುದಿಲ್ಲವಾದ್ದರಿಂದ ಎರಡು ಉದ್ದ ಬದಿಗಳಲ್ಲೂ ಓಡಾಡಲು ಜಾಗ ಬಿಡಬೇಕು. ಮಹಡಿಯ ಮೇಲಿನ ತಗಡಿನ ಕೋಣೆ ಖಾಲಿಯಿದೆಯೆಂದು ಅಲ್ಲಿಗೆ ಸಾಗಿಸುವ ಆಸೆ ಸಹಜವಾದರೂ, ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಆ ಕೋಣೆಯಲ್ಲಿ ತಾಮ್ರದ ಪಟ್ಟಿಯ ಅಂಟು ಸಡಿಲಗೊಳ್ಳುತ್ತದೆ, ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ. ಆದ್ದರಿಂದ ಕೆಳಮನೆಯ ಒಂದು ಮೂಲೆಯನ್ನು ಕೇಳಿ ಪಡೆಯುವುದು ಒಳ್ಳೆಯದು. 12 ಮಿಲಿಮೀಟರ್ ದಪ್ಪದ ಹಲಗೆಯಾದರೆ ಅಡಿಯಲ್ಲಿ ಒಂದೂವರೆ ಅಡಿಗೊಂದರಂತೆ ಮರದ ಪಟ್ಟಿ ಹೊಡೆದ ಚೌಕಟ್ಟು ಬೇಕೇ ಬೇಕು. 18 ಮಿಲಿಮೀಟರಿನದಾದರೆ ಪಟ್ಟಿಗಳನ್ನು ಸ್ವಲ್ಪ ವಿರಳವಾಗಿ ಹೊಡೆಯಬಹುದು.

ಟ್ರ್ಯಾಕಿನ ಸೊಗಸೆಲ್ಲ ವಿನ್ಯಾಸದಲ್ಲಿದೆ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಹೊಸಬರು ಸಾಮಾನ್ಯವಾಗಿ ಮೊದಲು ಗೆರೆ ಎಳೆಯುವುದು ಉದ್ದನೆಯ ನೇರ ದಾರಿಗೆ. ನೇರ ದಾರಿಯಲ್ಲಿ ಕಂಟ್ರೋಲರಿನ ಟ್ರಿಗರ್ (ವೇಗದ ಗುಂಡಿ) ಒತ್ತಿ ಹಿಡಿಯುವುದನ್ನು ಬಿಟ್ಟು ಆಟಗಾರನಿಗೆ ಬೇರೆ ಕೆಲಸವಿಲ್ಲ. ಬೆರಳನ್ನು ಯಾವಾಗ ಸಡಿಲಿಸಬೇಕು, ಎಷ್ಟು ಸಡಿಲಿಸಬೇಕು ಎಂಬ ಲೆಕ್ಕಾಚಾರ ಹುಟ್ಟುವುದು ತಿರುವಿನ ಬಾಯಿಯಲ್ಲಿ. ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಈ ಮಾತು ಬೇಗ ಹೊಳೆಯುತ್ತದೆ: ನುಗ್ಗಿ ಬಂದ ಸೈನ್ಯ ವೇಗ ಕಳೆದುಕೊಳ್ಳಲೆಂದೇ ಅಲ್ಲಿ ಬಾಗಿಲಿಗೆ ಹೋಗುವ ದಾರಿಯನ್ನು ಸೊಟ್ಟಗೆ ತಿರುಗಿಸಿದ್ದಾರೆ. ಟ್ರ್ಯಾಕಿನಲ್ಲಿಯೂ ಅತಿ ಉದ್ದದ ನೇರ ದಾರಿಯ ಕೊನೆಗೆ ಅತಿ ಬಿಗಿಯಾದ ತಿರುವನ್ನಿಟ್ಟು, ಅದರ ಮುಂದೆ ಎಡಕ್ಕೂ ಬಲಕ್ಕೂ ಹೊರಳುವ ಎರಡು ಹಗುರ ಬಾಗುಗಳನ್ನಿಟ್ಟರೆ, ಒಂದೇ ಸುತ್ತಿನಲ್ಲಿ ಬ್ರೇಕಿನ ಕೌಶಲವೂ ಹದವಾಗಿ ಓಡಿಸುವ ಕೌಶಲವೂ ಪರೀಕ್ಷೆಗೆ ಬರುತ್ತವೆ. ಎಲ್ಲ ತಿರುವುಗಳೂ ಒಂದೇ ತ್ರಿಜ್ಯದಲ್ಲಿದ್ದರೆ ಕೆಲವೇ ಸುತ್ತುಗಳಲ್ಲಿ ಬೆರಳಿಗೆ ರೂಢಿಯಾಗಿ ಆಟ ಬೇಸರ ತರಿಸುತ್ತದೆ. ಒಳಗಿನ ಸೀಳಿನ ತ್ರಿಜ್ಯ ಎಲ್ಲಿಯೂ 230 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಎರಡು ಸೀಳುಗಳ ನಡುವೆ 90 ಮಿಲಿಮೀಟರ್ ಅಂತರವಿರಬೇಕು. ತಿರುವಿನಲ್ಲಿ ಕಾರಿನ ಬಾಲ ಹೊರಕ್ಕೆ ಜಾರುವುದರಿಂದ ಹೊರಗಿನ ಸೀಳಿಗೂ ಹಲಗೆಯ ಅಂಚಿಗೂ ನಡುವೆ ಕನಿಷ್ಠ 75 ಮಿಲಿಮೀಟರ್ ಉಳಿದಿರಬೇಕು.

ಇನ್ನು ಎರಡು ಸೀಳುಗಳ ಉದ್ದದ ನ್ಯಾಯಾನ್ಯಾಯ. ತನ್ನನ್ನು ತಾನೇ ದಾಟದ ಯಾವುದೇ ಸುತ್ತಿನಲ್ಲಿ, ಅದು ಎಷ್ಟೇ ಅಂಕುಡೊಂಕಾಗಿರಲಿ, ಹೊರಗಿನ ಸೀಳು ಒಳಗಿನದಕ್ಕಿಂತ 2π ಪಟ್ಟು ಅಂತರದಷ್ಟು ಉದ್ದವಾಗಿರುತ್ತದೆ. 90 ಮಿಲಿಮೀಟರ್ ಅಂತರಕ್ಕೆ ಇದು ಸುಮಾರು 565 ಮಿಲಿಮೀಟರ್. ನಮ್ಮ ಹಲಗೆಯ ಅಂಚಿನುದ್ದಕ್ಕೂ ಸರಳ ಸುತ್ತು ಎಳೆದರೆ ಹೊರಗಿನದು 5.8 ಮೀಟರ್, ಒಳಗಿನದು 5.2 ಮೀಟರ್ ಆಗುತ್ತದೆ. ಈ ವ್ಯತ್ಯಾಸವನ್ನು ಅಳಿಸಬೇಕಾದರೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಟ್ರ್ಯಾಕನ್ನು ಒಮ್ಮೆ ತನ್ನ ಮೇಲೆಯೇ ದಾಟಿಸಬೇಕು, ಅದಕ್ಕೆ ಸೇತುವೆ ಬೇಕು. ಕಾರಿನ ಎತ್ತರ ಮತ್ತು ಹಲಗೆಯ ದಪ್ಪ ಸೇರಿ ಸೇತುವೆ ಸುಮಾರು 90 ಮಿಲಿಮೀಟರ್ ಏರಬೇಕಾದ್ದರಿಂದ, ಹನ್ನೆರಡಕ್ಕೆ ಒಂದರ ಇಳಿಜಾರು ಕೊಟ್ಟರೂ ಏರುವುದಕ್ಕೇ ಒಂದು ಮೀಟರಿಗಿಂತ ಹೆಚ್ಚು, ಇಳಿಯುವುದಕ್ಕೆ ಮತ್ತಷ್ಟೇ ಜಾಗ ಬೇಕಾಗುತ್ತದೆ. ಒಂದೇ ಹಲಗೆಯ ಟ್ರ್ಯಾಕಿಗೆ ಸೇತುವೆಯ ಗೊಡವೆ ಬೇಡವೆಂಬುದು ನನ್ನ ಅಭಿಪ್ರಾಯ. ಪ್ರತಿ ಸ್ಪರ್ಧೆಯನ್ನೂ ಎರಡು ಬಾರಿ ನಡೆಸಿ, ನಡುವೆ ಸೀಳು ಬದಲಿಸಿ, ಸಮಯವನ್ನು ಕೂಡಿಸಿದರೆ ತಕರಾರು ತೀರುತ್ತದೆ.

ಗೆರೆಗಳು ನಿಶ್ಚಯವಾದ ಮೇಲೆ ಅವುಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಒಂದು ಕಾರನ್ನು ಕೈಯಿಂದಲೇ ಅದರ ಮೇಲೆ ನಡೆಸಿ ನೋಡಿ. ಕಾಗದದ ಮೇಲೆ ವಿಶಾಲವಾಗಿ ಕಂಡ ತಿರುವು ನೆಲದ ಮೇಲೆ ಎಷ್ಟು ಇಕ್ಕಟ್ಟಾಗಿದೆ ಎಂಬುದು ಆಗಲೇ ತಿಳಿಯುತ್ತದೆ.

ಸೀಳಿನ ಅಗಲ 3 ಮಿಲಿಮೀಟರ್, ಆಳ 8 ಮಿಲಿಮೀಟರ್ ಇರಲಿ. ಕೊರೆಯಲು ಎರಡು ದಾರಿಗಳಿವೆ. ಬಾಗಿಲಿನ ಮೇಲೆ ಹೂಬಳ್ಳಿ, ದೇವರ ಚಿತ್ರ ಕೊರೆಯುವ ಸಿಎನ್‌ಸಿ ಯಂತ್ರದವರಿಗೆ ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಕೊಟ್ಟರೆ ಅವರು ಪೂರ್ತಿ ಹಲಗೆಯನ್ನು ಅಚ್ಚುಕಟ್ಟಾಗಿ ಕೊರೆದು ಕೊಡಬಲ್ಲರು. ಬಿಟ್ಟಿನ (ಕೊರೆಯುವ ಅಲಗಿನ) ವ್ಯಾಸವನ್ನೂ ಸೀಳಿನ ಆಳವನ್ನೂ ಚೀಟಿಯಲ್ಲಿ ಬರೆದು ಕೊಡುವುದನ್ನು ಮರೆಯಬಾರದು. ಬಡಗಿಗಳು ಮರದಲ್ಲಿ ಸೀಳು ಕೊರೆಯಲು ಬಳಸುವ ಕೈರೂಟರ್‌ನಿಂದಲೇ ಮಾಡುವುದಾದರೆ, ನೇರ ಭಾಗಗಳಿಗೆ ಉದ್ದನೆಯ ನೇರ ಪಟ್ಟಿಯೊಂದನ್ನು ಕ್ಲಾಂಪ್ ಮಾಡಿ ಅದಕ್ಕೆ ಒರಗಿಸಿ ಓಡಿಸಬೇಕು. ತಿರುವುಗಳಿಗೆ 6 ಮಿಲಿಮೀಟರ್ ಪ್ಲೈವುಡ್ಡಿನ ಒಂದು ಉದ್ದ ಪಟ್ಟಿಯ ತುದಿಗೆ ರೂಟರನ್ನು ಬಿಗಿದು, ಇನ್ನೊಂದು ತುದಿಯನ್ನು ತಿರುವಿನ ಕೇಂದ್ರಬಿಂದುವಿನಲ್ಲಿ ಮೊಳೆಗೆ ಸಿಕ್ಕಿಸಿ ಕೈವಾರದಂತೆ ತಿರುಗಿಸಬೇಕು. ಪಟ್ಟಿಯಲ್ಲಿ 90 ಮಿಲಿಮೀಟರ್ ಅಂತರದಲ್ಲಿ ಎರಡು ತೂತುಗಳಿದ್ದರೆ ಎರಡೂ ಸೀಳುಗಳು ತಾವಾಗಿಯೇ ಸಮಾನಾಂತರವಾಗುತ್ತವೆ. 3 ಮಿಲಿಮೀಟರಿನ ಬಿಟ್ಟು ಸೂಕ್ಷ್ಮವಾದದ್ದು, ಒಂದೇ ಬಾರಿಗೆ 8 ಮಿಲಿಮೀಟರ್ ಇಳಿಸಿದರೆ ಮುರಿಯುತ್ತದೆ. ಮೂರು ಸಲ ಇಳಿಸಿ. ಎಂಡಿಎಫ್ ಪುಡಿಯಲ್ಲಿ ರಾಸಾಯನಿಕ ಅಂಟು ಇರುವುದರಿಂದ ಈ ಕೆಲಸವನ್ನು ಅಂಗಳದಲ್ಲಿ, ಎನ್95 ಮಾಸ್ಕ್ ಧರಿಸಿಯೇ ಮಾಡಬೇಕು.

ಕೊರೆದ ಮೇಲೆ ಉಪ್ಪುಕಾಗದದಿಂದ ಅಂಚುಗಳನ್ನು ಉಜ್ಜಿ, ಹಲಗೆಯ ಎರಡೂ ಮುಖಗಳಿಗೆ ಸೀಲರ್ ಹಚ್ಚಿ. ಬಳಿಕ ಹೊಳಪಿಲ್ಲದ ಬೂದು ಬಣ್ಣದ ಎಮಲ್ಷನ್ನನ್ನು ಸ್ಪಂಜಿನ ರೋಲರ್‌ನಿಂದ ಎರಡು ಬಾರಿ ಬಳಿಯಬೇಕು. ರೋಲರ್ ಬಿಡುವ ಸಣ್ಣ ತರಿತರಿ ಟೈರಿಗೆ ಹಿಡಿತ ಕೊಡುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ 6 ಮಿಲಿಮೀಟರ್ ಅಗಲದ, ಅಂಟಿರುವ ತಾಮ್ರದ ಪಟ್ಟಿಯನ್ನು ಸೀಳಿನ ಅಂಚಿಗೆ 1 ಮಿಲಿಮೀಟರ್ ಬಿಟ್ಟು ಎರಡೂ ಬದಿಯಲ್ಲಿ ಅಂಟಿಸಿ, ಚಮಚದ ಬೆನ್ನಿನಿಂದ ಒತ್ತಿ ತಿಕ್ಕಿ. ಎರಡು ಸೀಳುಗಳಿಗೆ ನಾಲ್ಕು ಸಾಲು ಪಟ್ಟಿ ಬೇಕಾಗುವುದರಿಂದ 30 ಮೀಟರಿನಷ್ಟು ತಂದಿಟ್ಟುಕೊಳ್ಳಿ. ಪಟ್ಟಿಯ ತುದಿಯನ್ನು ಸಣ್ಣ ತೂತಿನ ಮೂಲಕ ಹಲಗೆಯ ಅಡಿಗೆ ಮಡಚಿ, ತಂತಿಯ ಬೆಸುಗೆಯನ್ನು ಅಲ್ಲಿಯೇ ಹಾಕಿದರೆ ಮೇಲೆ ಗಂಟು ಉಳಿಯುವುದಿಲ್ಲ. ತಾಮ್ರವು ಆಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದು ನೆನಪಿರಲಿ: ಕಾರಿನ ಅಡಿಯಲ್ಲಿರುವ ಆಯಸ್ಕಾಂತ ಪ್ಲಾಸ್ಟಿಕ್ ಟ್ರ್ಯಾಕಿನ ಉಕ್ಕಿನ ಹಳಿಗಾಗಿ ಇಟ್ಟದ್ದು, ಇಲ್ಲಿ ಅದು ನಿರುಪಯೋಗಿ. ಅದನ್ನು ತೆಗೆದು, ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಗೆ ಅಂಟಿಸುವ ತೂಕದ ತುಣುಕೊಂದನ್ನು ಚಾಸಿಯ ನಡುವೆ ತಗ್ಗಾಗಿ ಅಂಟಿಸಿದರೆ ಕಾರು ಸಮತೋಲನದಿಂದ ಜಾರುತ್ತದೆ.

ವಿದ್ಯುತ್ತಿಗೆ ಸಿಸಿಟಿವಿ ಕ್ಯಾಮೆರಾಗಳಿಗೆ ಬಳಸುವ, ಮನೆಯ ಕರೆಂಟನ್ನು ಇಳಿಸಿ ಕೊಡುವ 12 ವೋಲ್ಟ್, 5 ಆಂಪಿಯರಿನ ಎಸ್‌ಎಂಪಿಎಸ್ ಸಾಕು. ಅದರ 230 ವೋಲ್ಟಿನ ತಿರುಪುಗಳು ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯೊಳಗೆ ಕೂರಿಸಿ, ಆ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಕಂಟ್ರೋಲರ್ 45ರಿಂದ 60 ಓಮಿನದಾಗಿರಲಿ. ಮೂರು ತಂತಿಗಳ ಕಂಟ್ರೋಲರಿನಲ್ಲಿ ಬಿಳಿ ತಂತಿಯನ್ನು 3 ಆಂಪಿಯರಿನ ಫ್ಯೂಸ್ ಮೂಲಕ ಪಾಸಿಟಿವ್‌ಗೆ, ಕಪ್ಪು ತಂತಿಯನ್ನು ಸೀಳಿನ ಒಂದು ಪಟ್ಟಿಗೆ, ಕೆಂಪು ತಂತಿಯನ್ನು ನೆಗೆಟಿವ್‌ಗೆ ಸೇರಿಸುವುದು ರೂಢಿ; ಸೀಳಿನ ಇನ್ನೊಂದು ಪಟ್ಟಿ ನೇರವಾಗಿ ನೆಗೆಟಿವ್‌ಗೆ ಹೋಗುತ್ತದೆ. ಟ್ರಿಗರ್ ಬಿಟ್ಟಾಗ ಕೆಂಪು ತಂತಿಯ ಮೂಲಕ ಮೋಟಾರಿನ ಎರಡು ತುದಿಗಳೂ ಕೂಡಿಕೊಂಡು, ತಿರುಗುತ್ತಿರುವ ಮೋಟಾರು ಜನರೇಟರಿನಂತೆ ವರ್ತಿಸಿ ಕಾರನ್ನು ತಡೆಯುತ್ತದೆ. ಆ ತಂತಿಯಿಲ್ಲದಿದ್ದರೆ ಕಾರಿಗೆ ಬ್ರೇಕೇ ಇರುವುದಿಲ್ಲ. ಕಾರು ಹಿಂದಕ್ಕೆ ಓಡಿದರೆ ಎರಡು ಪಟ್ಟಿಗಳ ತಂತಿಗಳನ್ನು ಅದಲುಬದಲು ಮಾಡಿ, ಎರಡೂ ಸೀಳುಗಳಲ್ಲಿ ಒಂದೇ ಕ್ರಮ ಇಟ್ಟುಕೊಳ್ಳಿ. ದೂರದ ಭಾಗದಲ್ಲಿ ಕಾರು ಸೊರಗದಂತೆ ಎರಡು ಮೀಟರಿಗೊಂದು ಕಡೆ ಅಡಿಯಿಂದ ಅದೇ ಪಟ್ಟಿಗೆ 1 ಚದರ ಮಿಲಿಮೀಟರ್ ತಂತಿಯನ್ನು ಮತ್ತೆ ಜೋಡಿಸಬೇಕು. ಕರೆಂಟ್ ಹೋದಾಗಲೂ ಆಡಬೇಕೆನ್ನುವವರು 12 ವೋಲ್ಟಿನ ಯುಪಿಎಸ್ ಬ್ಯಾಟರಿಯನ್ನು, ಫ್ಯೂಸ್ ತಪ್ಪಿಸದೆ, ಬಳಸಬಹುದು.

ಅಲಂಕಾರ ಅವರವರ ಇಷ್ಟ. ಥರ್ಮೋಕೋಲ್ ಕೆತ್ತಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸವರಿದರೆ ದುರ್ಗದ ಗುಂಡುಕಲ್ಲುಗಳು ಸುಲಭವಾಗಿ ಮೂಡುತ್ತವೆ, ಅವುಗಳ ಮೇಲೆ ಗುಡ್ಡದ ಗಾಳಿಯಂತ್ರವೊಂದನ್ನು ನಿಲ್ಲಿಸಬಹುದು. ತಿರುವಿನ ಹೊರಬದಿಯಲ್ಲಿ ಮಾತ್ರ ಏನನ್ನೂ ಇಡಬೇಡಿ.

ಆಟಕ್ಕೆ ಮುನ್ನ ಒಣ ಬಟ್ಟೆಯಿಂದ ಟ್ರ್ಯಾಕ್ ಒರೆಸಿ, ಸೀಳಿನ ದೂಳನ್ನು ವ್ಯಾಕ್ಯೂಮಿನಿಂದ ಎಳೆದು ತೆಗೆಯಿರಿ. ಹಿಂದಿನ ಟೈರುಗಳನ್ನು ಅಂಟುಟೇಪಿನ ಮೇಲೆ ಉರುಳಿಸಿದರೆ ಹಿಡಿತ ಮರಳುತ್ತದೆ. ಆಕ್ಸೆಲ್‌ಗೆ ಸುತ್ತಿಕೊಂಡ ಕೂದಲು, ನೂಲುಗಳನ್ನು ಚಿಮುಟದಿಂದ ಬಿಡಿಸಿ, ಗೈಡಿನ ಜಡೆಗಳು ಪಟ್ಟಿಯ ಮೇಲೆ ಚಪ್ಪಟೆಯಾಗಿ ಕೂರುವಂತೆ ಬಾಗಿಸಿ. ಕಾರು ಆಗಾಗ ಬಿಕ್ಕಳಿಸುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಜಡೆಗಳನ್ನೇ, ಅನಂತರ ಕಪ್ಪಾಗಿರುವ ತಾಮ್ರದ ಪಟ್ಟಿಯನ್ನು.