610ಕ್ಕೆ ನಿಂತುಬಿಟ್ಟ ತಟ್ಟೆ ಲೆಕ್ಕ – ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಯೂನಿಟ್ ಉಂಟು. ನಾಲ್ಕು ಮೆಷಿನ್, ಏಳು ಜನ ಹೆಂಗಸರು, ಲೋಡಿಂಗಿಗೆ ಒಬ್ಬ ಹುಡುಗ, ಮತ್ತೆ ನಾನು. ತೋಟ ಅಪ್ಪಂದು, ಶೆಡ್ಡು ನಂದು, ಮೆಷಿನ್ ಸದ್ಯಕ್ಕೆ ಬ್ಯಾಂಕಿಂದು. ಶುರು ಮಾಡುವಾಗ ನಾನು ಡಿಸ್ಟೆನ್ಸಲ್ಲಿ ಎಂಬಿಎ ಓದ್ತಾ ಇದ್ದೆ, ರಾತ್ರಿ ಓದಿದ್ದನ್ನು ಬೆಳಿಗ್ಗೆ ಬಂದು ಆ ಏಳು ಜನರ ಮೇಲೆ ಪ್ರಯೋಗ ಮಾಡುದು, ಪಾಪ ಅವರಿಗೆ ಇವನಿಗೆ ಎಂತ ಆಗಿದೆ ಅಂತ ಗೊತ್ತಾಗ್ತಿರ್ಲಿಲ್ಲ.

ಮೊದಲು ಎಲ್ಲರಿಗೂ ದಿನದ ಸಂಬಳ ಇತ್ತು. ಪ್ರೆಸ್ಸಲ್ಲಿ ಕೂತವರು ಒಬ್ಬೊಬ್ಬರು ದಿನಕ್ಕೆ ಸುಮಾರು 500 ತಟ್ಟೆ ತೆಗೀತಿದ್ರು. ನನಗೆ ಅದು ಸಾಲ್ತಿರ್ಲಿಲ್ಲ. ಪುಸ್ತಕದಲ್ಲಿ ಫ್ರೆಡರಿಕ್ ಟೇಲರ್ ಅನ್ನುವ ಅಮೆರಿಕದ ಎಂಜಿನಿಯರ್ ಸಿಕ್ಕಿದ, 1911ರಲ್ಲಿ ಪುಸ್ತಕ ಬರೆದವನು, ಕೆಲಸವನ್ನು ವಾಚ್ ಹಿಡಿದು ಅಳೀಬೇಕು, ಜಾಸ್ತಿ ಮಾಡಿದವನಿಗೆ ಜಾಸ್ತಿ ದುಡ್ಡು ಕೊಡ್ಬೇಕು ಅನ್ನುವ ಮನುಷ್ಯ. ಸರಿ ಅಂತ ನಾನೂ 450ರ ಮೇಲೆ ಎಷ್ಟು ತೆಗೆದ್ರೂ ತಟ್ಟೆಗಿಷ್ಟು ಅಂತ ಎಕ್ಸ್‌ಟ್ರಾ ಇಟ್ಟೆ, ಗೋಡೆಗೆ ಒಂದು ಬೋರ್ಡ್ ಹಾಕಿ ಸಂಜೆ ಸಂಜೆ ಹೆಸರಿನ ಎದುರು ನಂಬರ್ ಬರೆದೆ. ಮೊದಲ ವಾರ 700 ಹತ್ತಿರ ಹೋಯ್ತು ಮಾರಾಯ್ರೆ! ಮನೆಗೆ ಬಂದು ಅಪ್ಪನ ಹತ್ರ ದೊಡ್ಡ ಭಾಷಣ ಮಾಡಿದೆ.

ಎರಡನೇ ವಾರ ತಟ್ಟೆ ತಗೊಳ್ಳುವ ಪಾರ್ಟಿಯ ಫೋನ್ ಬಂತು. ತಟ್ಟೆ ಬಾಕ್ಸಿನೊಳಗೇ ಬಿಡಿಸಿಕೊಂಡು ಚಪ್ಪಟೆ ಆಗಿದೆ, ಕೆಲವಕ್ಕೆ ಬೂಷ್ಟು ಬಂದಿದೆ ಅಂತ. ಹಾಳೆಯನ್ನು ನೀರಲ್ಲಿ ನೆನೆಸಿ ಬಿಸಿ ಡೈಯಲ್ಲಿ (ತಟ್ಟೆಯ ಅಚ್ಚಲ್ಲಿ) ಒತ್ತುವಾಗ ಒಳಗಿನ ತೇವ ಆರುವಷ್ಟು ಹೊತ್ತು ಹಿಡೀಬೇಕು, ಲೆಕ್ಕ ಏರಿಸ್ಲಿಕ್ಕೆ ಅಂತ ಡೈ ಬೇಗ ಎತ್ತಿದ್ರೆ ಅವತ್ತು ಚೆಂದ ಕಾಣ್ತದೆ, ನಾಲ್ಕು ದಿನ ಬಿಟ್ಟು ಅದರ ಬಣ್ಣ ಬಯಲು. ಅದರ ಮೇಲೆ ಒಳ್ಳೆ ಹಾಳೆಗೆ ಜಗಳ. ಅಗಲದ ದಪ್ಪ ಹಾಳೆ ಸಿಕ್ಕಿದವರಿಗೆ ಒಂದು ದೊಡ್ಡ ತಟ್ಟೆ, ಉಳಿದ ತುಂಡಲ್ಲಿ ಒಂದು ಸಣ್ಣದು ಸಿಗ್ತದೆ. ಬಸ್ಸು ತಪ್ಪಿ ಲೇಟಾಗಿ ಬಂದವರಿಗೆ ಹರಿದದ್ದು, ಕಪ್ಪು ಚುಕ್ಕೆ ಇರುದು. ನೆನೆಸುವ ಇಬ್ಬರಿಗೂ ಪ್ಯಾಕಿಂಗ್ ಮಾಡುವವರಿಗೂ ಎಕ್ಸ್‌ಟ್ರಾ ಇಲ್ಲವೇ ಇಲ್ಲ, ಯಾಕಂದ್ರೆ ನನ್ನ ಸ್ಕೀಮಲ್ಲಿ ಅವರಿಗೆ ಅಂತ ಕಾಲಂ ಇರ್ಲಿಲ್ಲ. ಸ್ಟೇಸಿ ಆಡಮ್ಸ್ ಅನ್ನುವ ಮನಃಶಾಸ್ತ್ರಜ್ಞರು 1963ರಲ್ಲಿ ಇದನ್ನೇ ಹೇಳಿದ್ದಾರೆ, ಮನುಷ್ಯ ತನಗೆ ಎಷ್ಟು ಸಿಕ್ಕಿತು ಅಂತ ಮಾತ್ರ ನೋಡುದಲ್ಲ, ತಾನು ಹಾಕಿದ್ದು ಎಷ್ಟು, ಪಕ್ಕದವರು ಹಾಕಿದ್ದು ಎಷ್ಟು, ಸಿಕ್ಕಿದ್ದು ಎಷ್ಟು ಅಂತ ತೂಗಿ ನೋಡ್ತಾನೆ ಅಂತ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಒಳ್ಳೆ ಉತ್ತರ ಬರೆದಿದ್ದೆ, ಆದ್ರೂ ನನ್ನ ಶೆಡ್ಡಲ್ಲೇ ಅದು ಕಾಣ್ಲಿಲ್ಲ.

ಆದ್ರೆ ವಿಚಿತ್ರ ಅನ್ನಿಸಿದ್ದು ಮೂರನೇ ವಾರ. ಪ್ರೆಸ್ಸಿನ ನಾಲ್ಕೂ ಜನರ ನಂಬರ್ ಒಂದೇ ಕಡೆ ಬಂದು ನಿಂತಿತು. 608, 611, 610, 612. ಕರೆಂಟ್ ಒಂದು ಗಂಟೆ ಹೋದ ದಿನವೂ 610, ಹೋಗದ ದಿನವೂ 610. ಸಂಜೆ ನಾಲ್ಕಕ್ಕೇ ಕೈ ನಿಧಾನ ಆಗುದು, ಗುಡಿಸುದು ಶುರು. ನಾನು ಅವರಿಗೆ ಕಾಣುವ ಹಾಗೆ ವಾಚ್ ನೋಡ್ತಾ ನಿಂತೆ, ಏನೂ ಆಗ್ಲಿಲ್ಲ.

ನೀರ್ಚಾಲಿನಿಂದ ಬರುವ ಅಕ್ಕ ಒಬ್ಬರಿದ್ದಾರೆ, ಎಲ್ಲರಿಗಿಂತ ಹಿರಿಯರು, ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೀಡಿ ಕಟ್ಟಿದವರು. ಒಂದು ದಿನ ಚಾ ಹೊತ್ತಲ್ಲಿ ಅವರ ಹತ್ರ ಸೀದಾ ಕೇಳಿದೆ, ಅಕ್ಕಾ 610 ಅಂದ್ರೆ ಎಂತ ಲೆಕ್ಕ ಅಂತ. ಅವರು ನಕ್ಕರು. "ಎಂಕ್ಲೆಗ್ ಗೊತ್ತುಂಡು ಅಣ್ಣೆರೆ" ಅಂದ್ರು ತುಳುವಲ್ಲಿ, ನಮಗೆ ಗೊತ್ತುಂಟು ಅಂತ, ಮತ್ತೆ ಕನ್ನಡದಲ್ಲಿ ಹೇಳಿದ್ರು, "ನಾವು ದಿನಾ 700 ಮಾಡಿದ್ರೆ ನೀವು ಆ 450 ಅನ್ನು 600ಕ್ಕೆ ಎತ್ತುದಿಲ್ವಾ? ಬೀಡಿಯಲ್ಲಿ ನಾವು ಇದೆಲ್ಲ ನೋಡಿ ಆಗಿದೆ."

ಇಲ್ಲಿ ಒಂದು ಸತ್ಯ ಹೇಳ್ತೇನೆ. ಓಣಂ ಕಳೆದ ಮೇಲೆ ಆ 450 ಅನ್ನು 550 ಮಾಡುದು ಅಂತ ನಾನು ಎಕ್ಸೆಲ್ ಶೀಟ್ ಹಾಕಿ ಇಟ್ಟಿದ್ದೆ. ಯಾರಿಗೂ ತೋರಿಸಿರ್ಲಿಲ್ಲ. ಅಕ್ಕನಿಗೆ ಎಕ್ಸೆಲ್ ಎಂತ ಅಂತ ಗೊತ್ತಿಲ್ಲ, ಆದ್ರೆ ಶೀಟಲ್ಲಿ ಇದ್ದದ್ದು ಪೂರ್ತಿ ಗೊತ್ತಿತ್ತು.

ಆಮೇಲೆ ಪುಸ್ತಕ ಮತ್ತೊಮ್ಮೆ ತೆಗೆದೆ. ಷಿಕಾಗೋ ಹತ್ತಿರದ ಹಾಥಾರ್ನ್ ಫ್ಯಾಕ್ಟರಿಯ ಪ್ರಯೋಗ ಎಂಬಿಎಯವರು ಎಲ್ಲರೂ ಓದಿರ್ತಾರೆ, 1924ರಲ್ಲಿ ಲೈಟ್ ಜಾಸ್ತಿ ಕಡಿಮೆ ಮಾಡಿದ್ರೆ ಕೆಲಸ ಎಷ್ಟು ಆಗ್ತದೆ ಅಂತ ನೋಡಿದ್ದು. ನಾವು ಲೈಟಿನ ಕಥೆ ಓದಿ ಪುಟ ಮಗುಚುದು. ಅದರ ಕೊನೆಗೆ 1931-32ರಲ್ಲಿ ವೈರಿಂಗ್ ಕೆಲಸದ 14 ಜನರನ್ನು ಒಂದು ರೂಮಲ್ಲಿ ಕೂರಿಸಿ ನೋಡಿದ ಕಥೆ ಉಂಟು. ಅಲ್ಲಿಯೂ ಜಾಸ್ತಿ ಮಾಡಿದ್ರೆ ಜಾಸ್ತಿ ದುಡ್ಡು, ಆದ್ರೂ ದಿನಕ್ಕೆ ಇಷ್ಟೇ ಅಂತ ಅವರೊಳಗೇ ಒಂದು ಲೆಕ್ಕ. ಯಾರಾದ್ರೂ ಅದನ್ನು ದಾಟಿದ್ರೆ ಪಕ್ಕದವ ಬಂದು ರಟ್ಟೆಗೆ ಗುದ್ದುದು. ಜಾಸ್ತಿ ಮಾಡಿ ತೋರಿಸಿದ್ರೆ ರೇಟ್ ಇಳಿಸ್ತಾರೆ, ಇಲ್ಲ ಯಾರನ್ನಾದ್ರೂ ಬಿಡಿಸ್ತಾರೆ ಅನ್ನುವ ಹೆದರಿಕೆ. ನಮ್ಮಲ್ಲಿ ಗುದ್ದುದು ಇಲ್ಲ, ಒಂದು ನೋಟ ಸಾಕು. ಇಷ್ಟು ದಿನ ನಾನು ಇವರಿಗೆ ಮೋಟಿವೇಶನ್ ಇಲ್ಲ ಅಂತ ತಿಳ್ಕೊಂಡದ್ದು, ನಿಜಕ್ಕೂ ಅವರು ತುಂಬಾ ಮನಸ್ಸಿಟ್ಟು, ತುಂಬಾ ಶಿಸ್ತಲ್ಲಿ, ಒಟ್ಟಾಗಿ 610 ಮಾಡ್ತಾ ಇದ್ರು.

ಬೋರ್ಡ್ ಅಳಿಸಿದೆ. ಮುಂದಿನ ಏಪ್ರಿಲಿನ ವಿಷು ಹಬ್ಬದವರೆಗೆ ರೇಟ್ ಮುಟ್ಟುದಿಲ್ಲ ಅಂತ ಕಾಗದದಲ್ಲಿ ಬರೆದು ಸೈನ್ ಹಾಕಿ ಗೋಡೆಗೆ ಅಂಟಿಸಿದೆ, ಕನ್ನಡದಲ್ಲಿಯೂ ಮಲಯಾಳಂನಲ್ಲಿಯೂ, ಯಾಕಂದ್ರೆ ಇಬ್ಬರು ಮಲಯಾಳಂ ಮೀಡಿಯಂನವರು. ಎಕ್ಸ್‌ಟ್ರಾ ದುಡ್ಡು ಒಬ್ಬೊಬ್ಬರಿಗೆ ಬೇಡ, ಒಳ್ಳೆ ತಟ್ಟೆಯ ಒಟ್ಟು ಲೆಕ್ಕದ ಮೇಲೆ ಏಳೂ ಜನರಿಗೆ ಸಮ ಮಾಡಿದೆ, ರಿಜೆಕ್ಟ್ ಆದದ್ದು ಲೆಕ್ಕಕ್ಕಿಲ್ಲ. ಹಾಳೆ ಸೋರ್ಟಿಂಗ್ ಪೂರ್ತಿ ನೀರ್ಚಾಲಿನ ಅಕ್ಕನ ಕೈಗೆ ಬಿಟ್ಟೆ, ಯಾವುದು 12 ಇಂಚಿಗೆ, ಯಾವುದು ಬೌಲಿಗೆ, ಯಾರಿಗೆ ಯಾವ ಕಟ್ಟು ಅಂತ ಅವರೇ ಹೇಳುದು, ನಾನು ಬಾಯಿ ಹಾಕುದಿಲ್ಲ. ನನಗೆ ಕಷ್ಟ ಆದದ್ದು ಅದೇ, ಬಾಯಿ ಹಾಕದೆ ಇರುದು. ತಟ್ಟೆ ಲೆಕ್ಕ ತಿಂಗಳೊಳಗೆ 640, 650 ಆಯ್ತು. ನನ್ನ ಕನಸಿನ 700 ಮತ್ತೆ ಬರ್ಲಿಲ್ಲ, ಆದ್ರೆ ವಾಪಸ್ ಬರುವ ಬಾಕ್ಸ್ ಹೆಚ್ಚುಕಡಿಮೆ ನಿಂತಿತು.

ಈ ಗೆಲುವಲ್ಲಿ ತಲೆ ತಿರುಗಿ ಮುಳ್ಳೇರಿಯದಿಂದ ಹೊಸದಾಗಿ ಬಂದ ಹುಡುಗಿಗೂ "ನಿಂಗೆ ಸರಿ ಕಂಡ ಹಾಗೆ ಮಾಡು" ಅಂದುಬಿಟ್ಟೆ. ಅವಳು ಎರಡು ದಿನ ಡೈ ಟೆಂಪರೇಚರ್ ಎಷ್ಟಿಡುದು ಅಂತ ಗೊತ್ತಾಗದೆ ಒಂದು ರಾಶಿ ಹಾಳೆ ಕರಿ ಮಾಡಿ, ಕೇಳ್ಲಿಕ್ಕೆ ಹೆದರಿ, ಮೂರನೇ ದಿನ ಬರ್ಲೇ ಇಲ್ಲ. ಹರ್ಸಿ ಮತ್ತು ಬ್ಲಾಂಚಾರ್ಡ್ ಅನ್ನುವ ಮ್ಯಾನೇಜ್‌ಮೆಂಟ್ ಪಂಡಿತರು 1969ರಲ್ಲೇ ಹೇಳಿದ್ದು ಇದನ್ನು, ಹೊಸಬರಿಗೆ ಹೀಗೆ ಮಾಡು ಅಂತ ಪಕ್ಕ ಕೂತು ಹೇಳ್ಬೇಕು, ಕೈ ಪಳಗಿದವರಿಗೆ ಬಿಟ್ಟುಕೊಡ್ಬೇಕು, ಎಲ್ಲರಿಗೂ ಒಂದೇ ಲೀಡರ್‌ಶಿಪ್ ಸ್ಟೈಲ್ ಆಗುದಿಲ್ಲ ಅಂತ. ಅವಳ ಮನೆಗೆ ಅಕ್ಕನೇ ಹೋಗಿ ಕರ್ಕೊಂಡು ಬಂದ್ರು, ಎರಡು ವಾರ ಪಕ್ಕದಲ್ಲಿ ಕೂರಿಸಿಕೊಂಡ್ರು.

ಟಾಯ್ಲೆಟ್ ವಿಷಯವೂ ಹೇಳ್ಬೇಕು. ಒಂದೂವರೆ ವರ್ಷ ಶೆಡ್ಡಲ್ಲಿ ಟಾಯ್ಲೆಟ್ ಇರ್ಲಿಲ್ಲ, ನಮ್ಮ ಮನೆಗೆ ಬರ್ಬೇಕಿತ್ತು, ನಾಚಿಕೆಗೆ ಅವರು ನೀರೇ ಕುಡೀತಿರ್ಲಿಲ್ಲ, ನಾನು ಮಾತ್ರ ಗೋಡೆಗೆ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ, ದೇಹದ ಅಗತ್ಯವೇ ಮೊದಲು ಅನ್ನುವ ಮಾಸ್ಲೋ ಪಿರಮಿಡ್ ಪ್ರಿಂಟ್ ತೆಗೆದು ಅಂಟಿಸಿದ್ದೆ! (ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ ಇಲ್ಲವೇ ಇಲ್ಲ, ಅದು ಆಮೇಲೆ ಬಂದದ್ದು.) ಟಾಯ್ಲೆಟ್ ಕಟ್ಟಿಸಿದ ಮೇಲೆ ತಟ್ಟೆ ಜಾಸ್ತಿ ಆಗ್ಲಿಲ್ಲ, ಗೊಣಗುದು ಕಡಿಮೆ ಆಯ್ತು ಅಷ್ಟೇ. ಹರ್ಜ್‌ಬರ್ಗ್ ಅನ್ನುವ ಮನಃಶಾಸ್ತ್ರಜ್ಞ 1959ರಲ್ಲಿ ಪಿಟ್ಸ್‌ಬರ್ಗ್ ಕಡೆಯ 203 ಎಂಜಿನಿಯರ್, ಅಕೌಂಟೆಂಟ್‌ಗಳ ಮಾತಿಂದ ಹೇಳಿದ್ದೂ ಹಾಗೆಯೇ, ಇಂಥದ್ದು ಇಲ್ಲದಿದ್ರೆ ಬೇಜಾರು, ಇದ್ರೆ ಉತ್ಸಾಹ ಬರ್ಬೇಕು ಅಂತ ಇಲ್ಲ. ಆದ್ರೆ ಆ ಎಂಜಿನಿಯರ್‌ಗಳಿಗೆ ಆಫೀಸಲ್ಲಿ ಟಾಯ್ಲೆಟ್ ಇತ್ತಲ್ಲ, ಇಲ್ಲದವರ ಹತ್ರ ಕೇಳಿದ್ರೆ ಎಂತ ಹೇಳ್ತಿದ್ರೋ.

ಈಗ ಒಂದು ಹೊಸ ಪದ್ಧತಿ. ಹಿಂದೆ ಕಣ್ಣೂರು, ಕಾಸರಗೋಡು ಕಡೆಯ ಬೀಡಿ ಕಂಪನಿಗಳಲ್ಲಿ ಒಬ್ಬ ಕೂತು ಪೇಪರ್ ಓದಿ ಹೇಳುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುದು ಇತ್ತು. ಅಕ್ಕ ಅದನ್ನು ನೆನಪು ಮಾಡಿ, ಪ್ಯಾಕಿಂಗಿನವಳಿಗೆ ದಿನಾ ಅರ್ಧ ಗಂಟೆ ಪೇಪರ್ ಓದ್ಲಿಕ್ಕೆ ಹೇಳಿದ್ದಾರೆ. ನನ್ನ ಹತ್ರ ಯಾರೂ ಕೇಳ್ಲಿಲ್ಲ. ನಾನು ಆಚೆ ಕೂತು ಬಿಲ್ ಬರೀತಾ ಕೇಳ್ತೇನೆ.

ಗೋಡೆಯ ಕಾಗದದ ವಾಯಿದೆ ಬರುವ ವಿಷುವಿಗೆ ಮುಗೀತದೆ. ಪಾರ್ಟಿ ತಟ್ಟೆಯ ರೇಟ್ ಇಳಿಸ್ಲಿಕ್ಕೆ ಹೇಳ್ತಾ ಇದ್ದಾರೆ, ಒಳ್ಳೆ ಹಾಳೆಯ ಕ್ರಯ ಏರಿದೆ. ಮೊನ್ನೆ ಅಕ್ಕ ಕಾಗದದ ಎದುರು ನಿಂತು ತಾರೀಕು ಓದಿ, "ಅಣ್ಣಾ, ವಿಷು ಕಳೆದ ಮೇಲೆ?" ಅಂದ್ರು. ನಾನು ಈ ಸಲ ಎಕ್ಸೆಲ್ ತೆರೆದಿಲ್ಲ, ಉತ್ತರವನ್ನೂ ಕೊಟ್ಟಿಲ್ಲ.