ಜನರೇಟರ್ ಕೂಗಿದಾಗ, ಕೂಗದಿದ್ದಾಗ

ಗುರುವಾರ ಬಂತೆಂದರೆ ಪುಣೆಯಲ್ಲಿ ಲೈನ್ ಕೆಲಸಕ್ಕೆ ಕರೆಂಟು ತೆಗೆಯುತ್ತಾರೆ. ಹತ್ತು ಗಂಟೆಯೊಳಗೆ ನನ್ನ ಫೋನು ಶುರು: "ಭಾವು, ಲೈಟ್ ಗೇಲಿ, ಜನರೇಟರ್ ಪಣ್ ಬಂದ್" (ಅಣ್ಣಾ, ಕರೆಂಟು ಹೋಯಿತು, ಜನರೇಟರೂ ಬಂದ್). ಭೋಸರಿಯಲ್ಲಿ ಡೀಸೆಲ್ ಜನರೇಟರ್ ಸೆಟ್ ರಿಪೇರಿಯ ಈ ಕೆಲಸಕ್ಕೆ ಬಿದ್ದು ಹತ್ತೊಂಬತ್ತು ವರ್ಷ ಆಯಿತು. ಇಂಡಿ, ಸಿಂದಗಿ ಕಡೆಯಿಂದ ಕಲಿಯಲು ಬರುವ ಹುಡುಗರು ಎಂಜಿನ್ ಬೇಗ ಹಿಡೀತಾರೆ. ಸೆಟ್ಟನ್ನು ಓಡಿಸುವ, ನಿಲ್ಲಿಸುವ, ಅಲಾರಂ ಕೂಗಿಸುವ ವೈರುಗಳ ಪೆಟ್ಟಿಗೆ, ಅಂದರೆ ಪ್ಯಾನೆಲ್, ಅದರ ಬಾಗಿಲು ತೆಗೆದರೆ ಮಾತ್ರ ಎರಡು ಹೆಜ್ಜೆ ಹಿಂದೆ. ಅವರಿಗೆ ಹೇಳುವುದನ್ನೇ ಬರೆದಿದ್ದೇನೆ.

ಕೈ ಹಾಕುವ ಮುಂಚೆ ಸೆಲೆಕ್ಟರನ್ನು (ಸೆಟ್ ತಾನಾಗಿ ಓಡಬೇಕೋ ಬೇಡವೋ ಅಂತ ಆರಿಸುವ ಸ್ವಿಚ್ಚು) ಆಟೋದಿಂದ ತೆಗೆಯಿರಿ, ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಟೋದಲ್ಲಿರುವ ಸೆಟ್ ಕರೆಂಟು ಹೋದ ಕೆಲವೇ ಸೆಕೆಂಡಿಗೆ ತಾನಾಗಿ ತಿರುಗುತ್ತದೆ; ಬೆಲ್ಟಿನ ಹತ್ತಿರ ಬೆರಳು ಯಾರದು ಅಂತ ಕೇಳುವುದಿಲ್ಲ. ಆಟೋ ಪ್ಯಾನೆಲ್‌ನಲ್ಲಿ ಹೊರಗಿನ 415 ವೋಲ್ಟ್ ಕೂಡ ಬಂದು ಕೂತಿರುತ್ತದೆ. ಸೆಟ್ ಬಂದ್ ಇದ್ದರೂ ಆ ಟರ್ಮಿನಲ್ ಜೀವಂತ.

ಕಟ್ಟಡಕ್ಕೆ ಹೋಗುವುದು 415 ವೋಲ್ಟ್. ಬುದ್ಧಿಯ ಕೆಲಸವೆಲ್ಲ ಬ್ಯಾಟರಿಯ 12 ಅಥವಾ 24 ವೋಲ್ಟಿನದು. ಬ್ಯಾಟರಿಯ ಮೈನಸ್ ಎಂಜಿನ್ನಿನ ಮೈಗೇ ಕಟ್ಟಿರುವುದರಿಂದ ಎಷ್ಟೋ ಸ್ವಿಚ್ಚುಗಳಿಗೆ ಒಂದೇ ವೈರು ಸಾಕು, ವಾಪಸ್ ದಾರಿ ಎಂಜಿನ್ ಕಬ್ಬಿಣವೇ. ಇದು ತಲೆಗೆ ಹೋದರೆ ಅರ್ಧ ಪ್ಯಾನೆಲ್ ಅರ್ಥವಾದ ಹಾಗೆ.

ಸ್ಟಾರ್ಟ್ ಕೊಟ್ಟಾಗ ಪ್ಯಾನೆಲ್‌ನ ಮೆದುಳಾದ ಕಂಟ್ರೋಲರ್ ಎರಡು ಕಡೆ ಪ್ಲಸ್ ಕಳಿಸುತ್ತದೆ. ಒಂದು ಡೀಸೆಲ್ ಬಿಡುವ ಸೊಲೆನಾಯ್ಡಿಗೆ (ಕರೆಂಟಿನಿಂದ ಎಳೆಯುವ ಸುರುಳಿ), ಇನ್ನೊಂದು ಸ್ಟಾರ್ಟರ್ ಮೋಟರನ್ನು ಹಚ್ಚುವ ರಿಲೇಗೆ. ಎಂಜಿನ್ ಹಿಡಿದ ಕೂಡಲೇ ಸ್ಟಾರ್ಟರ್ ಬಿಡಬೇಕು, ಇಲ್ಲದಿದ್ದರೆ ಅದರ ಪುಟ್ಟ ಗೇರಿನ, ಅಂದರೆ ಪಿನಿಯನ್ನಿನ, ಹಲ್ಲು ಹೋಗುತ್ತದೆ. ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ವೋಲ್ಟೇಜೋ ಫ್ರೀಕ್ವೆನ್ಸಿಯೋ ಏರಿದ್ದನ್ನು ನೋಡಿ ಕಂಟ್ರೋಲರ್ ಅದನ್ನು ಬಿಡಿಸುತ್ತದೆ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನ, ನಡುವೆ ವಿಶ್ರಾಂತಿ, ಆಮೇಲೆ ಲಾಕ್. ಸ್ಟಾರ್ಟರ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬೇರೇನೂ ಹುಡುಕಬೇಡಿ, ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್ ನೋಡಿ.

ಸೊಲೆನಾಯ್ಡಿನಲ್ಲಿ ಎರಡು ಜಾತಿ. ಹೆಚ್ಚಿನವು ಕರೆಂಟು ಇರುವವರೆಗೆ ಡೀಸೆಲ್ ಬಿಡುತ್ತವೆ, ವೈರು ಕಿತ್ತರೆ ಎಂಜಿನ್ ನಿಲ್ಲುತ್ತದೆ. ಕೆಲವು ಹಳೇ ಸೆಟ್ಟಿನಲ್ಲಿ ಉಲ್ಟಾ: ನಿಲ್ಲಿಸಲು ಕರೆಂಟು ಬೇಕು. ಅಲ್ಲಿ ಆ ವೈರು ಕಡಿದಿದ್ದರೆ ಅಲಾರಂ ಎಷ್ಟು ಕೂಗಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ನಿಮ್ಮದು ಯಾವುದು ಅಂತ ಮೊದಲ ದಿನವೇ ತಿಳಿದುಕೊಳ್ಳಿ.

ಈಗ ಆಯಿಲ್ ಪ್ರೆಶರ್ ಸ್ವಿಚ್. ಒತ್ತಡ ಇಲ್ಲದಾಗ ಇದು ಮೈಗೆ ಕೂಡಿಕೊಂಡಿರುತ್ತದೆ, ಒತ್ತಡ ಬಂದಾಗ ಬಿಡುತ್ತದೆ. ಅದಕ್ಕೇ ಕೀ ತಿರುಗಿಸಿದ ಕೂಡಲೇ ಪ್ಯಾನೆಲ್‌ನ ಆಯಿಲ್ ದೀಪ ಹತ್ತಿ, ಎಂಜಿನ್ ಓಡಿದ ಮೇಲೆ ಆರಬೇಕು. ಒತ್ತಡ ಏರಲು ಸಮಯ ಬೇಕಲ್ಲ, ಸುಮಾರು 10 ಸೆಕೆಂಡು ಕಂಟ್ರೋಲರ್ ಈ ಸ್ವಿಚ್ಚಿನ ಮಾತು ಕೇಳುವುದಿಲ್ಲ. ಆಮೇಲೂ ಕೂಡಿಯೇ ಇದ್ದರೆ ಸೆಟ್ ಟ್ರಿಪ್, ಅಂದರೆ ಕಂಟ್ರೋಲರ್ ಅದನ್ನು ನಿಲ್ಲಿಸಿಬಿಡುತ್ತದೆ.

ಪಿಂಪಳೆ ಸೌದಾಗರದ ಒಂದು ಸೊಸೈಟಿಯ 125 ಕೆವಿಎ ಸೆಟ್ ಆಗಸ್ಟ್ ಮಳೆಯಲ್ಲಿ ಹೀಗೇ ಆಡಿತು. ಶುರುವಾಗುವುದು, ಹನ್ನೆರಡು ಎಣಿಸುವುದರೊಳಗೆ ನಿಲ್ಲುವುದು. ನನಗಿಂತ ಮುಂಚೆ ಬಂದವರು ಆಯಿಲ್ ಬದಲಿಸಿ, ಸ್ವಿಚ್ಚನ್ನು ಎರಡು ಸಲ ಬದಲಿಸಿ, ಬಿಲ್ ಕೊಟ್ಟು ಹೋಗಿದ್ದರು. ನಾನು ಸ್ವಿಚ್ ಜಾಗಕ್ಕೆ ಗೇಜ್ ಹಾಕಿ ನೋಡಿದೆ, ಒತ್ತಡ ಸರಿಯಿತ್ತು. ಎಂಜಿನ್ ನಿಲ್ಲಿಸಿ, ವೈರಿನ ತುದಿ ಗಾಳಿಯಲ್ಲಿ ಬಿಟ್ಟು ಕೀ ಹಾಕಿದೆ. ದೀಪ ಹತ್ತಿಯೇ ಇತ್ತು! ಸ್ವಿಚ್ಚೇ ಇಲ್ಲ, ದೀಪಕ್ಕೆ ಮೈನಸ್ ಎಲ್ಲಿಂದ? ವೈರಿನ ಗುಂಟ ಬೆರಳಾಡಿಸುತ್ತ ಹೋದರೆ ಕ್ಯಾನೋಪಿ (ಸೆಟ್ಟಿನ ಹೊರಗಿನ ಡಬ್ಬಿ) ತಗಡಿನ ಅಂಚಿನಲ್ಲಿ ನಡುಗಿ ನಡುಗಿ ಸಿಪ್ಪೆ ಸವೆದು ತಾಮ್ರ ಹೊಳೆಯುತ್ತಿತ್ತು. ಸ್ಲೀವ್ ಹಾಕಿ ಟೈ ಕಟ್ಟಿದೆ. ಇಪ್ಪತ್ತು ರೂಪಾಯಿ ಸಾಮಾನು.

ಇಂಥ ಸುಳ್ಳು ಅಲಾರಂ ತಲೆ ತಿನ್ನುತ್ತದೆ, ಎಂಜಿನ್ ತಿನ್ನುವುದಿಲ್ಲ. ನನಗೆ ಹೆದರಿಕೆ ನೀರಿನ ಬಿಸಿಯ ಸ್ವಿಚ್ಚಿನದು. ಅದು ತಣ್ಣಗಿರುವಾಗ ಬಿಟ್ಟಿರುತ್ತದೆ, ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, 95 ಡಿಗ್ರಿ ಆಸುಪಾಸು ದಾಟಿದಾಗ ಕೂಡುತ್ತದೆ. ಆಯಿಲ್ ವೈರು ಕಡಿದಿದ್ದರೆ ಕೀ ಹಾಕಿದಾಗ ದೀಪ ಹತ್ತದೆ ತಾನೇ ಚಾಡಿ ಹೇಳುತ್ತದೆ. ಬಿಸಿಯ ವೈರು ಕಡಿದರೂ ದೀಪ ಆರಿಯೇ ಇರುತ್ತದೆ, ಎಲ್ಲ ಸರಿಯಿದ್ದಾಗಲೂ ಆರಿಯೇ ಇರುತ್ತದೆ. ಚಾಕಣದ ಒಂದು ವರ್ಕ್‌ಶಾಪಿನಲ್ಲಿ ಯಾರೋ ಕಿರಿಕಿರಿ ಅಂತ ಆ ವೈರು ಬಿಚ್ಚಿ, ಟೇಪು ಸುತ್ತಿ, ಒಳಗೆ ತುರುಕಿದ್ದರು. ರೇಡಿಯೇಟರ್ ಹೋಸು ಒಡೆದ ದಿನ ಪ್ಯಾನೆಲ್ ತುಟಿ ಬಿಚ್ಚಲಿಲ್ಲ. ಪಿಸ್ಟನ್ ಹಿಡಿದುಕೊಂಡಿತು.

ಹಾಗಾಗಿ ತಿಂಗಳಿಗೊಮ್ಮೆ ಪ್ಯಾನೆಲ್‌ಗೆ ನೀರು ಬಿಸಿಯಾಗಿದೆ ಅಂತ ಸುಳ್ಳು ಹೇಳಿ ನೋಡಿ. ಎಂಜಿನ್ ನಿಂತು ತಣ್ಣಗಾಗಿರುವಾಗ ಬಿಸಿಯ ಸ್ವಿಚ್ಚಿನಿಂದ ವೈರು ಕಳಚಿ, ಅದಕ್ಕೆ ಉದ್ದನೆ ತುಂಡು ವೈರು ಸೇರಿಸಿ, ಫ್ಯಾನಿನಿಂದ ದೂರಕ್ಕೆ ತನ್ನಿ. ಲೋಡ್ ಇಲ್ಲದೆ ಸೆಟ್ ಓಡಿಸಿ, ಅರ್ಧ ನಿಮಿಷ ಬಿಟ್ಟು ಆ ತುದಿಯನ್ನು ಎಂಜಿನ್ ಮೈಗೆ ಮುಟ್ಟಿಸಿ ಹಿಡಿಯಿರಿ. ಅಲಾರಮ್ಮಿನ ಹೂಟರ್ ಕೂಗಿ ಎಂಜಿನ್ ನಿಲ್ಲಬೇಕು. ಪ್ಯಾನೆಲ್ ಕಡೆಯ ತುದಿಯಲ್ಲಿ ಮುಟ್ಟಿಸಿ ನೋಡಿದರೆ ನಡುವಿನ ವೈರು ಪರೀಕ್ಷೆಯೇ ಆಗುವುದಿಲ್ಲ. ಬ್ಯಾಟರಿ ಪ್ಲಸ್ ಅಂತೂ ಮುಟ್ಟಿಸಲೇಬೇಡಿ, ಕಂಟ್ರೋಲರ್ ಸುಡುತ್ತದೆ. ಕೆಲವು ಸೆಟ್ಟಿನಲ್ಲಿ ಸ್ವಿಚ್ಚಿನ ಬದಲು ಬಿಸಿ ಎಷ್ಟು ಅಂತ ಅಳೆಯುವ ಸೆನ್ಸರ್ ಇರುತ್ತದೆ, ಅದಕ್ಕೆ ಈ ಉಪಾಯ ನಡೆಯದು. ಕಂಪನಿ ಪುಸ್ತಕ ನೋಡಿ.

ಉಳಿದವು ಬೇಗ ಹೇಳಿಬಿಡುತ್ತೇನೆ. ಎಂಜಿನ್ ವೇಗ ನಿಮಿಷಕ್ಕೆ 1500 ಸುತ್ತು ಇರಬೇಕಾದದ್ದು ಶೇಕಡಾ 10-15 ಮೀರಿದರೆ ತಕ್ಷಣ ಟ್ರಿಪ್. ಡೀಸೆಲ್ ಕಡಿಮೆಗೆ, ಚಾರ್ಜಿಂಗ್ ಇಲ್ಲದ್ದಕ್ಕೆ ಸಾಮಾನ್ಯವಾಗಿ ಬರೀ ಕೂಗು. ಹಳೇ ಪ್ಯಾನೆಲ್‌ನಲ್ಲಿ ಚಾರ್ಜಿಂಗ್ ಬಲ್ಬನ್ನು ಸಸಾರ ಮಾಡಬೇಡಿ. ಅದರ ಮೂಲಕ ಹೋಗುವ ಸಣ್ಣ ಕರೆಂಟಿನಿಂದಲೇ ಬ್ಯಾಟರಿ ತುಂಬಿಸುವ ಸಣ್ಣ ಚಾರ್ಜಿಂಗ್ ಆಲ್ಟರ್ನೇಟರ್ ಎಚ್ಚರಾಗುವುದು. ಬಲ್ಬು ಸುಟ್ಟರೆ ಚಾರ್ಜಿಂಗೂ ಹೋಯಿತು.

ಟ್ರಿಪ್ ಆದ ಸೆಟ್ ಲಾಕ್ ಆಗಿ ನಿಲ್ಲುತ್ತದೆ. ಹೂಟರ್ ಬೇಕಾದರೆ ಮ್ಯೂಟ್ ಮಾಡಿ, ರಿಸೆಟ್ ಒತ್ತಬೇಡಿ. ಯಾವ ದೀಪ ಅಂತ ಮೊದಲು ಫೋಟೋ ತೆಗೆದು ನನಗೆ ಕಳಿಸಿ ಅಂತ ಎಲ್ಲ ವಾಚ್‌ಮನ್‌ಗಳಿಗೂ ಹೇಳಿದ್ದೇನೆ. ಒಬ್ಬರು ಕಳಿಸಿದ್ದು ರಿಸೆಟ್ ಒತ್ತಿದ ಮೇಲಿನ ಫೋಟೋ, ಕೆಳಗೆ "ಆತಾ ಠೀಕ್ ಆಹೇ" (ಈಗ ಸರಿಯಾಗಿದೆ) ಅಂತ ಬರೆದು.